ಚಪ್ಪಟೆ ತಂತಿ ಸತ್ತ ತಂತಿಯಲ್ಲ

‘ಫ್ಲಾಟ್ ಹಾಕಿದ್ರೆ ಬೇಸ್ ಸತ್ತೋಗುತ್ತೆ, ಜಾತ್ರೆ ಬಯಲಲ್ಲಿ ಕೇಳ್ಸೋದೇ ಇಲ್ಲ.’ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಆರ್ಕೆಸ್ಟ್ರಾ ಹುಡುಗರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರಲ್ಲಿ ಹೆಚ್ಚಿನವರು ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ತಂತಿಯನ್ನು ಮುಟ್ಟಿಯೂ ನೋಡಿಲ್ಲ. ಅವರಿಗೆ ಹೇಳಿದವರು ಕೀಬೋರ್ಡಿನವರು, ಕೀಬೋರ್ಡಿನವರಿಗೆ ಹೇಳಿದವರು ಅಂಗಡಿಯವರು. ಆ ಮಾತಿಗೆ ಹೆದರಿ ಸೀಸನ್ನಿಗೊಮ್ಮೆ ದುಂಡು ತಂತಿ ಸುತ್ತಿದ ರೌಂಡ್‌ವೂಂಡ್ ಸೆಟ್ಟಿಗೆ ದುಡ್ಡು ಸುರಿಯುತ್ತಾರೆ. ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರಿನ ಹೊತ್ತಿಗೆ ಫ್ರೆಟ್ಟೆಲ್ಲ ಸವೆದಿದೆ ಎಂದು ಗೋಳಾಡುತ್ತಾರೆ. ಒರಟು ಸುರುಳಿಯ ತಂತಿ ಫ್ರೆಟ್ಟಿನ ಮೇಲೆ ದಿನವೂ ಉಜ್ಜುತ್ತಿದ್ದರೆ ಸವೆಯದೆ ಇನ್ನೇನಾದೀತು?

ಬಯಲಿನ ವಿಷಯವನ್ನೇ ತೆಗೆದುಕೊಳ್ಳಿ. ಬೇಸ್ ಗಿಟಾರಿನ ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ 55, ಡಿ 73, ಜಿ 98. ರೌಂಡ್ ಹಾಕಿದರೂ ಫ್ಲಾಟ್ ಹಾಕಿದರೂ ಈ ಲೆಕ್ಕ ಬದಲಾಗದು. ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಏಳುತ್ತವೆ. ನಮ್ಮ ಪೆಂಡಾಲಿಗೆ ಬರುವ ಸಾಮಾನ್ಯ ಬಾಕ್ಸುಗಳಿಗೆ 41ನ್ನು ನೆಟ್ಟಗೆ ಹೊರಡಿಸುವ ತಾಕತ್ತಿಲ್ಲ. ಹಿಂದಿನ ಸಾಲಿನಲ್ಲಿ ನಿಂತವನಿಗೆ ಬೇಸ್ ಎಂದು ಕೇಳುವುದು ಹೆಚ್ಚಾಗಿ 80ರಿಂದ 300ರೊಳಗಿನ ಉಪಸ್ವರಗಳೇ. ಅವು ಫ್ಲಾಟ್‌ನಲ್ಲಿ ಬೇಕಾದಷ್ಟಿವೆ. ಕಡಿಮೆಯಾಗುವುದು ಅದಕ್ಕಿಂತ ಬಹಳ ಮೇಲೆ, 2000 ದಾಟಿದ ಮೇಲಿನ ಝಣಝಣ, ಬೆರಳು ಜಾರಿದಾಗಿನ ಕಿರ್ರೆನ್ನುವ ಸದ್ದು. ಆ ಎತ್ತರದಲ್ಲಿ ಆಗಲೇ ರಿದಂ ಪ್ಯಾಡು, ಕೀಬೋರ್ಡು, ತಬಲಾದ ಚಾಟಿ, ಗಾಯಕರ ‘ಸ’ಕಾರ ‘ಶ’ಕಾರಗಳು ಕಿಕ್ಕಿರಿದಿರುತ್ತವೆ. ಬೇಸ್‌ನವನ ಝಣಝಣವೂ ಅಲ್ಲಿಗೇ ನುಗ್ಗಿದರೆ ಮಿಕ್ಸರಿನವನು ಮಾಡುವ ಮೊದಲ ಕೆಲಸ ಬೇಸ್‌ನ ಟ್ರೆಬಲ್ ಇಳಿಸುವುದು. ಹೊಸ ರೌಂಡ್‌ವೂಂಡ್‌ಗೆ ಕೊಟ್ಟ ದುಡ್ಡು ಆ ಒಂದು ತಿರುಗಣೆಯಲ್ಲಿ ಹೋಯಿತು.

ಅಂಗಡಿಯಲ್ಲಿ ಒಬ್ಬನೇ ಕೂತು ನುಡಿಸಿದಾಗ ರೌಂಡ್ ಎದ್ದು ಕೇಳುತ್ತದೆ, ನಿಜ. ಜೊತೆಗೆ ಇನ್ನೊಂದು ವಾದ್ಯವಿಲ್ಲದ ಕೋಣೆಯ ಆ ತೀರ್ಪನ್ನು ಹತ್ತು ಜನರ ತಂಡದ ಮೇಲೆ ಹೇರುವುದೇ ತಪ್ಪು. ರಾಜನ್-ನಾಗೇಂದ್ರರ ಹಾಡಿರಲಿ, 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡಿರಲಿ, ನುಡಿಸುವಾಗ ಬೇಸ್‌ನಿಂದ ಬೇಕಾದದ್ದು ದುಂಡಗಿನ, ತುಂಬಿದ ನಡೆ.

ಇಷ್ಟಾದರೂ ‘ಅದು ಹಳೇ ಹಾಡಿಗಷ್ಟೇ ಸರಿ’ ಎನ್ನುವವರಿದ್ದಾರೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಛೇರಿ ನಡೆಯಿತು. ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಫ್ಲಾಟ್‌ವೂಂಡ್ ಬಳಸುವವರು. ರೋಟೋಸೌಂಡ್ ಕಂಪನಿ ಅವರ ಹೆಸರಿನಲ್ಲೇ 50ರಿಂದ 110ರವರೆಗಿನ ದಪ್ಪದ ಸೆಟ್ ಮಾರುತ್ತದೆ. ಮೂವರು ಗಿಟಾರ್ ವಾದಕರ ಅಬ್ಬರದ ನಡುವೆಯೂ ಅವರ ಬೆರಳಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಹೆವಿ ಮೆಟಲ್‌ನಲ್ಲಿ ಸಾಯದ ತಂತಿ ನಮ್ಮ ರಸಮಂಜರಿಯಲ್ಲಿ ಹೇಗೆ ಸಾಯುತ್ತದೆ? ಇನ್ನೊಂದು ತುದಿಯಲ್ಲಿ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಅವರು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ಗಳನ್ನು ಹರಿಯುವ ತನಕ ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅವರ ನಾದ ಹ್ಯಾರಿಸ್ ನಾದದಂತಿಲ್ಲವೇ ಇಲ್ಲ. ತಂತಿಯ ಜಾತಿ ಒಂದೇ. ಅದರ ವಯಸ್ಸು, ನುಡಿಸುವ ಕೈ, ಆಂಪ್ಲಿಫಯರಿನ ಹೊಂದಾಣಿಕೆ ಬೇರೆ.

ಎರಡನೆಯ ಮಾತು, ‘ಫ್ಲಾಟ್‌ನ ಎಳೆತಕ್ಕೆ ನೆಕ್ ಬಾಗುತ್ತೆ.’ ಎಳೆತ ನಿರ್ಧಾರವಾಗುವುದು ತಂತಿಯ ತೂಕ, ಉದ್ದ ಮತ್ತು ಶ್ರುತಿಯಿಂದ. ಚಪ್ಪಟೆಯೋ ದುಂಡೋ ಎಂಬುದರಿಂದ ಅಲ್ಲ. ಥಾಮಸ್ಟಿಕ್ ಕಂಪನಿಯ ಜಾಝ್ ಫ್ಲಾಟ್ ಅನೇಕ ರೌಂಡ್‌ವೂಂಡ್‌ಗಳಿಗಿಂತ ಸಡಿಲ; ಹ್ಯಾರಿಸ್ ಸೆಟ್ ಬಿಗಿ. ಕೊಳ್ಳುವಾಗ ಎಳೆತದ ಪಟ್ಟಿ ನೋಡಿ, ಮುಗಿಯಿತು. ಸೊರಬದ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಗಿಟಾರಿನ ನೆಕ್ ತೇವ ಹೀರಿ ತಾನಾಗಿಯೇ ಅಲ್ಲಾಡುತ್ತದೆ, ಬೇಸಿಗೆಯಲ್ಲಿ ಮತ್ತೆ ಬದಲಾಗುತ್ತದೆ. ಆ ಪಾಪವನ್ನು ತಂತಿಯ ತಲೆಗೆ ಕಟ್ಟುತ್ತಾರೆ. ಅದನ್ನು ಸರಿಪಡಿಸಲೆಂದೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಸರಳು ಇದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ನಿಜವಾಗಿ ಹೊಟ್ಟೆ ಉರಿಸುವುದು ‘ಅಳತೆಗೆ ಕತ್ತರಿಸಿ ಆಮೇಲೆ ಪೆಗ್ಗಿಗೆ ತೂರಿಸು’ ಎಂಬ ಸಲಹೆ. ಫ್ಲಾಟ್‌ವೂಂಡ್ ಎಂದರೆ ಉಕ್ಕಿನ ತಿರುಳಿನ ಮೇಲೆ ತೆಳು ಲೋಹದ ಪಟ್ಟಿ ಸುತ್ತಿದ ತಂತಿ. ಮಡಿಸದೆ ನೇರವಾಗಿ ಕತ್ತರಿಸಿದರೆ ಕೆಲವು ಸೆಟ್ಟುಗಳಲ್ಲಿ ಆ ಸುತ್ತು ತಿರುಳಿನ ಮೇಲೆ ಜಾರಿ ಸಡಿಲವಾಗುತ್ತದೆ. ತಂತಿ ಅಲ್ಲಿಗೆ ಕೆಟ್ಟಿತು, ಬೆಂಗಳೂರಿನಿಂದ ತರಿಸಿದ ದುಬಾರಿ ಸೆಟ್ಟಾದರೂ ಅಷ್ಟೆ. ಮಾಡಬೇಕಾದದ್ದು ಹೀಗೆ. ತಂತಿಯನ್ನು ಬ್ರಿಡ್ಜಿನಿಂದ ಎಳೆದು ನಟ್ಟಿನ ಮೇಲೆ ಕೂರಿಸಿ, ತನ್ನ ಪೆಗ್ಗನ್ನು ದಾಟಿಸಿ ಸುಮಾರು ಹತ್ತು ಹನ್ನೆರಡು ಸೆಂಟಿಮೀಟರ್ ಮುಂದೆ ಗುರುತು ಮಾಡಿ. ಗುರುತಿನಲ್ಲಿ ಇಕ್ಕಳದಿಂದ ಹಿಡಿದು ಲಂಬಕೋನಕ್ಕೆ ಗಟ್ಟಿಯಾಗಿ ಮಡಿಸಿ. ಮಡಿಕೆಯ ಆಚೆಗೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಆ ಮಡಿಕೆಯೇ ಸುತ್ತನ್ನು ಹಿಡಿದಿಡುತ್ತದೆ. ತುದಿಯನ್ನು ಪೆಗ್ಗಿನ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಬರುವಂತೆ ಬಿಗಿಯಿರಿ. ಬಣ್ಣದ ರೇಷ್ಮೆ ಸುತ್ತಿದ ಭಾಗ ಪೆಗ್ಗಿನ ಮೇಲೆ ಬರಲಿ, ನಟ್ಟನ್ನು ದಾಟಿ ಒಳಗೆ ಬರಬಾರದು. ಬಂದರೆ ನೀವು ಕೊಂಡ ಸೆಟ್ಟು ನಿಮ್ಮ ಗಿಟಾರಿನ 34 ಇಂಚಿನ ಅಳತೆಯದ್ದಲ್ಲ. ಬಿಗಿಯುವಾಗ ತಂತಿ ಹೊರಳಿಕೊಂಡರೆ ನಾದ ಮಂಕಾಗುತ್ತದೆ. ಆಗ ‘ನೋಡಿ, ಹೇಳಿರಲಿಲ್ಲವಾ’ ಎನ್ನುವವರು ಸಿದ್ಧವಾಗಿರುತ್ತಾರೆ. ಹೊಸ ತಂತಿ ಕೂತ ಮೇಲೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಒತ್ತಿದ ಸ್ವರವನ್ನೂ ಹೋಲಿಸಿ ಬ್ರಿಡ್ಜ್ ಸರಿಮಾಡದಿದ್ದರೆ ಮೇಲಿನ ಸ್ವರಗಳೆಲ್ಲ ಅಪಸ್ವರ.

ತಂತಿಗೆ ಕೊಬ್ಬರಿ ಎಣ್ಣೆ ಸವರುವುದು ವೀಣೆಯವರನ್ನು ನೋಡಿ ಕಲಿತದ್ದು. ಬೇಸ್‌ನಲ್ಲಿ ಅದು ಧೂಳು ಹಿಡಿಸುವುದಕ್ಕಷ್ಟೆ. ಕುದಿಯುವ ನೀರಲ್ಲಿ ಅದ್ದಿದರೆ ರೌಂಡ್‌ವೂಂಡ್ ಸುರುಳಿಯ ಕೊಳೆ ಬಿಟ್ಟು ನಾದ ನಾಲ್ಕು ದಿನ ಚುರುಕಾಗಬಹುದು. ಫ್ಲಾಟ್‌ನಲ್ಲಿ ಕೊಳೆ ಕೂರುವ ಸಂದೇ ಇಲ್ಲ. ಫ್ಲಾಟ್ ಹೊಸ ಶೋಕಿ ಎನ್ನುವವರಿಗೆ ಒಂದೇ ಮಾತು: ಬೇಸ್‌ಗೆ ರೌಂಡ್‌ವೂಂಡ್ ಬಳಕೆ ಹರಡಿದ್ದು 1960ರ ದಶಕದ ನಡುವಿನಿಂದ, ಫ್ಲಾಟ್ ಅದಕ್ಕೂ ಮುಂಚಿನದು.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಈ ಹುಡುಗರ ಕಿವಿ ಬಲು ಚುರುಕು. ಗಾಯಕಿಯ ಶ್ರುತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುತ್ತಾರೆ, ಒಂದೇ ಸಲ ಕೇಳಿದ ಹಾಡಿನ ಬೇಸ್ ಎತ್ತಿ ನುಡಿಸುತ್ತಾರೆ. ತಂತಿ, ಕೇಬಲ್, ಜ್ಯಾಕಿನ ವಿಷಯ ಬಂದರೆ ಮಾತ್ರ ಅದೇ ಕಿವಿಯನ್ನು ಮುಚ್ಚಿಕೊಂಡು ಮಾರುವವರ ಬಾಯಿ ನೋಡುತ್ತಾರೆ. ಚಿನ್ನದ ಲೇಪನದ ಜ್ಯಾಕ್ ಹಾಕಿದರೆ ಬೇಸ್ ಗಟ್ಟಿಯಾಗುತ್ತದೆ ಎಂದು ಸಾಲ ಮಾಡಿ ಕೊಂಡವರನ್ನು ನೋಡಿದ್ದೇನೆ. ಒಂದು ಸಂಜೆ ಪ್ರಾಕ್ಟೀಸಿನಲ್ಲಿ ಫ್ಲಾಟ್ ಹಾಕಿದ ಗಿಟಾರನ್ನು ಸ್ನೇಹಿತನ ಕೈಗೆ ಕೊಟ್ಟು, ಇಡೀ ತಂಡ ನುಡಿಸುವಾಗ ತಾವು ಪೆಂಡಾಲಿನ ಕೊನೆಗೆ ನಡೆದು ಹೋಗಿ ಕೇಳಿದರೆ ಸಾಕು. ಅದಕ್ಕೆ ಕಾಸೂ ಬೇಡ, ಗುರುವೂ ಬೇಡ.

ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವ ಸ್ಲ್ಯಾಪ್ ಶೈಲಿಯವರು ರೌಂಡ್‌ವೂಂಡನ್ನೇ ಇಟ್ಟುಕೊಳ್ಳಲಿ, ಆ ಚಟಪಟ ಫ್ಲಾಟ್‌ನಲ್ಲಿ ಬಾರದು. ಉಳಿದವರು ಮೊದಲ ಸಲಕ್ಕೆ 45ರಿಂದ 100 ಅಥವಾ 105ರ ಸೆಟ್ ತರಿಸಿ, ಒಂದೊಂದೇ ತಂತಿ ಬಿಚ್ಚಿ ಬದಲಿಸಿ, ಕೆಲವು ವಾರ ನುಡಿಸಿ ಪಳಗಿಸಿ. ಹಳೆಯ ಸೆಟ್ಟನ್ನು ಎಸೆಯಬೇಡಿ. ಹಿಡಿಸದಿದ್ದರೆ ಅದನ್ನೇ ವಾಪಸು ಹಾಕಿಕೊಳ್ಳಬಹುದು.