ಬೇಸಿಗೆಯಲ್ಲೂ ಬಾಡದ ಹಸಿರು

ಗುಜರಾತಿನ ಕಛ್ ಜಿಲ್ಲೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಹರಡಿಕೊಂಡಿದೆ ಬನ್ನಿ ಹುಲ್ಲುಗಾವಲು. ದನಗಾಹಿಗಳಾದ ಮಾಲ್ಧಾರಿಗಳ ಎಮ್ಮೆಗಳು ರಾತ್ರಿ ಮೇದು ಬೆಳಗಾಗುವಾಗ ಮನೆ ಸೇರುವ ಸೀಮೆಯಿದು. ಏಪ್ರಿಲ್‌ನಲ್ಲಿ ಉಪಗ್ರಹ ತೆಗೆದ ಚಿತ್ರದಲ್ಲಿ ಬನ್ನಿ ದಟ್ಟ ಹಸಿರಾಗಿ ಕಂಡರೆ ಹಿಗ್ಗುವಂತಿಲ್ಲ. ಹುಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಒಣಗಿ ಬಣ್ಣಗೆಟ್ಟಿರಬೇಕು.

ಆ ಹಸಿರು ಬಳ್ಳಾರಿ ಜಾಲಿಯದು.

ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ಕಂಡವರಿಗೆ ಈ ಮುಳ್ಳಿನ ಪರಿಚಯ ಬೇಕಿಲ್ಲ. ಪಕ್ಕದ ಉಪ್ಪುಬಯಲಾದ ರಣ್‌ನ ಉಪ್ಪು ಒಳನುಗ್ಗದಿರಲೆಂದು 1960ರ ದಶಕದಲ್ಲಿ ಅರಣ್ಯ ಇಲಾಖೆ ಇದನ್ನು ಬನ್ನಿಯಲ್ಲಿ ನೆಡಿಸಿತು. ದನಕರುಗಳು ಸಿಹಿಗಾಯಿ ತಿಂದು, ಹೋದಲ್ಲೆಲ್ಲ ಸಗಣಿಯ ಜೊತೆ ಬೀಜ ಹಾಕಿದವು. ಹುಲ್ಲಿನ ಜಾಗ ಮುಳ್ಳಿನ ಪಾಲಾಯಿತು.

ಈ ಬದಲಾವಣೆಯನ್ನು ಆಕಾಶದಿಂದ ಅಳೆಯುವ ತಂತ್ರ ಸರಳವಾದದ್ದು. ಜೀವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಕ್ಕೆ ಚಿಮ್ಮಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸಿಗುವುದೇ ಎನ್‌ಡಿವಿಐ ಸೂಚ್ಯಂಕ. ಹಸಿರು ದಟ್ಟವಾದಷ್ಟೂ ಅಂಕಿ ಒಂದರತ್ತ ಏರುತ್ತದೆ. ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳು 1972ರಿಂದಲೂ ಇವೆ. 2015ರಲ್ಲಿ ಕೆಲಸ ಆರಂಭಿಸಿದ ಸೆಂಟಿನೆಲ್-2 ಉಪಗ್ರಹಗಳು ಹತ್ತು ಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ನೆಲವನ್ನು ತೋರಿಸುತ್ತವೆ. ಎರಡೂ ಉಚಿತ.

ಆದರೆ ಒಂದೆರಡು ಚಿತ್ರ ನಂಬಿ ತೀರ್ಪು ಕೊಡಬಾರದು. ಆಫ್ರಿಕಾದ ಸಹಾರಾ ಮರುಭೂಮಿ ಸುಡಾನಿನಲ್ಲಿ ವರ್ಷಕ್ಕೆ ಐದೂವರೆ ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತಿದೆ ಎಂದು 1975ರಲ್ಲಿ ಪರಿಸರತಜ್ಞ ಹ್ಯೂ ಲ್ಯಾಂಪ್ರಿ ಎರಡು ಕಾಲದ ನೋಟಗಳನ್ನಷ್ಟೇ ಹೋಲಿಸಿ ವರದಿ ಮಾಡಿದ್ದರು. 1980ರಿಂದ 1990ರವರೆಗಿನ ಉಪಗ್ರಹ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದ ನಾಸಾದ ಕಾಂಪ್ಟನ್ ಟಕರ್ ಮತ್ತು ಸಂಗಡಿಗರಿಗೆ ಕಂಡದ್ದೇ ಬೇರೆ. ಮರುಭೂಮಿಯ ಅಂಚು ಮಳೆಯನ್ನು ಅನುಸರಿಸಿ ಒಂದು ವರ್ಷ ಮುಂದೆ, ಇನ್ನೊಂದು ವರ್ಷ ಹಿಂದೆ ಸರಿಯುತ್ತಿತ್ತು.

ಬನ್ನಿಗೂ ಬೇಕಾದದ್ದು ಇಂಥ ದೀರ್ಘ ನೋಟವೇ. ಸೂಚ್ಯಂಕದ ನಕ್ಷೆಯಲ್ಲಿ ಹುಲ್ಲಿನ ಗೆರೆ ಮುಂಗಾರಿನ ಜೊತೆ ಸರ್ರನೆ ಏರಿ, ಚಳಿಗಾಲ ಕಳೆಯುವಷ್ಟರಲ್ಲಿ ನೆಲ ಕಚ್ಚುತ್ತದೆ. ಜಾಲಿಯದು ವರ್ಷವಿಡೀ ಅಷ್ಟಾಗಿ ಇಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸುವ ಗುರುತು ಇದೇ. ಹಸಿರು ವಿರಳವಾದಲ್ಲಿ ಬರಿ ಮಣ್ಣಿನ ಹೊಳಪು ಲೆಕ್ಕ ಕೆಡಿಸುವುದುಂಟು. ಅದಕ್ಕೆಂದೇ 1988ರಲ್ಲಿ ವಿಜ್ಞಾನಿ ಆಲ್ಫ್ರೆಡೊ ಹ್ಯೂಟ್ ಮಣ್ಣಿನ ಪ್ರಭಾವವನ್ನು ತಗ್ಗಿಸುವ ಇನ್ನೊಂದು ಸೂಚ್ಯಂಕ ರೂಪಿಸಿದರು.

ಇಷ್ಟಾದರೂ ಬೆಳೆದ ಹುಲ್ಲು ಎಮ್ಮೆಗೆ ರುಚಿಸುವಂಥದ್ದೇ ಎಂಬುದನ್ನು ಸೂಚ್ಯಂಕ ಹೇಳದು. ಅದಕ್ಕೆ ಮಾಲ್ಧಾರಿಗಳೊಂದಿಗೆ ನೆಲದ ಮೇಲೆ ನಡೆಯಲೇಬೇಕು. ಹುಲ್ಲು ಮರಳಲೆಂದು ಜಾಲಿ ಕಡಿದ ಜಾಗಗಳ ಮೇಲೂ ಕಣ್ಣಿಟ್ಟಿರಬೇಕು. ಬುಡ ಉಳಿದರೆ ಮತ್ತೆ ಚಿಗುರುವ ಗಿಡವದು. ಕಡಿದ ವರ್ಷದ ಮಳೆಗಾಲದ ಚಿತ್ರ ಸಾಲದು, ಎರಡನೆಯ, ಮೂರನೆಯ ಬೇಸಿಗೆಯ ಚಿತ್ರಗಳನ್ನೂ ತೆರೆದು ನೋಡಬೇಕು.