ಒಂದು ಚಮಚ ಸಕ್ಕರೆ, ಒಬ್ಬ ಗೆಳೆಯ

ಸುತ್ತೂರಿನ ಜಾತ್ರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕಪಿಲಾ ತೀರದ ಆ ಊರಿನಲ್ಲಿ ರಥೋತ್ಸವ, ಕುಸ್ತಿ, ದನಗಳ ಜಾತ್ರೆಗಳ ಜೊತೆಗೆ ಸಾಮೂಹಿಕ ವಿವಾಹಗಳೂ ನಡೆಯುತ್ತವೆ. ಅಲ್ಲಿ ಇಬ್ಬರು ಗೆಳೆಯರು ಬೆಳಗಿನಿಂದ ಸುತ್ತಾಡುತ್ತಿದ್ದಾರೆಂದು ಭಾವಿಸೋಣ. ಊಟದ ಹೊತ್ತು ಮೀರಿದೆ. ಒಬ್ಬನು ಇದ್ದಕ್ಕಿದ್ದಂತೆ ಬೆವರುತ್ತಾನೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ. ಕಂಡವರು ಕುಡಿದಿದ್ದಾನೆಂದು ಬಗೆಯುತ್ತಾರೆ. ಅವನಾದರೋ ಬಾಲ್ಯದಿಂದಲೂ ಮಧುಮೇಹವಿರುವ ತರುಣ. ಜೊತೆಗಾರನಿಗೆ ಆ ಸಂಗತಿ ತಿಳಿಯದು.

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿದೆ. ಆರೋಗ್ಯವಂತನಲ್ಲಿ, ಊಟಕ್ಕೆ ಮುಂಚೆ, ಪ್ರತಿ 100 ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಅಂದರೆ ಇಡೀ ರಕ್ತದಲ್ಲಿರುವ ಸಕ್ಕರೆ ಹೆಚ್ಚೆಂದರೆ 5 ಗ್ರಾಂ, ಒಂದು ಚಹಾ ಚಮಚದಷ್ಟು! ಮಿದುಳು ನೆಚ್ಚಿರುವುದು ಈ ಅಲ್ಪ ಸಂಗ್ರಹವನ್ನೇ.

ಕಾಲುವೆಯ ನೀರು ಗದ್ದೆಗೆ ಹರಿಯಲು ತೂಬು ತೆರೆಯಬೇಕಷ್ಟೆ. ಹಾಗೆ ಸಕ್ಕರೆಯನ್ನು ಸ್ನಾಯುಗಳತ್ತ ಬಿಡುವುದು ಮೇದೋಜೀರಕ ಗ್ರಂಥಿಯ ಇನ್ಸುಲಿನ್. ಸಕ್ಕರೆ ಇಳಿದೊಡನೆ ಗ್ರಂಥಿಯು ತೂಬನ್ನು ತಾನೇ ಮುಚ್ಚುತ್ತದೆ. ಒಂದನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವುದರಿಂದ ಅದನ್ನು ಹೊರಗಿನಿಂದ ಕೊಡಬೇಕು. ಒಮ್ಮೆ ಚುಚ್ಚಿದ ಮದ್ದನ್ನು ಹಿಂದಕ್ಕೆ ಪಡೆಯಲಾಗದು. ನಡಿಗೆ ಹೆಚ್ಚಿ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ.

ಆಗ ಗೆಳೆಯನು ಮಾಡಬೇಕಾದುದು ಬಲು ಸುಲಭ. ಸುಮಾರು 15 ಗ್ರಾಂ, ಎಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷಗಳಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಬಳಿಕ ಊಟ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ, ಒಡನೆಯೇ ವೈದ್ಯರ ನೆರವು ಪಡೆಯಬೇಕು.

ಇನ್ಸುಲಿನ್ ಚುಚ್ಚುಮದ್ದನ್ನು ಮೊದಲು ಪಡೆದವನು ಟೊರಾಂಟೊದ 14 ವರ್ಷದ ಬಾಲಕ ಲಿಯೊನಾರ್ಡ್ ಥಾಂಪ್ಸನ್. ಅದು 1922ರ ಜನವರಿ. ಅದಕ್ಕೆ ಹಿಂದೆ ಇಂಥ ಮಕ್ಕಳು ಯೌವನವನ್ನು ಕಾಣುವುದೇ ಅಪೂರ್ವವಾಗಿತ್ತು. ಅವರ ಸ್ನೇಹ, ಪ್ರೇಮ, ವಿವಾಹಗಳ ಪ್ರಶ್ನೆ ಇಂದು ಎದ್ದಿರುವುದೇ ವಿಜ್ಞಾನದ ಒಂದು ಗೆಲುವು.

ಆದರೆ ಸಂಕೋಚವು ಈ ಗೆಲುವನ್ನು ಕೆಡಿಸಬಲ್ಲದು. ಗೆಳೆಯರ ಮುಂದೆ ಚುಚ್ಚಿಕೊಳ್ಳಲು ನಾಚಿ ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಮದುವೆಯ ಮಾತಿನಲ್ಲಿ ಹಿರಿಯರು ರೋಗವನ್ನು ಮರೆಮಾಚುವುದೂ ಉಂಟು. ಅದಕ್ಕೆ ಮಕ್ಕಳಿಗೂ ಬಂದೀತೆಂಬ ಭಯವೇ ಮೂಲ. ತಂದೆಗೆ ಈ ಬಗೆಯ ಮಧುಮೇಹವಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 6. ತಾಯಿಗಿದ್ದರೆ ಇನ್ನೂ ಕಡಿಮೆ. ಗರ್ಭಧಾರಣೆಗೆ ಮುಂಚಿನಿಂದಲೇ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಆರೋಗ್ಯವಂತ ಶಿಶುವನ್ನು ಹೆರುವ ಸಂಭವವೇ ಹೆಚ್ಚು.

ಆದುದರಿಂದ ಕೈಹಿಡಿಯುವವರಿಗೆ ಮೊದಲೇ ಹೇಳುವುದು ಲೇಸು. ಜಾತ್ರೆಯ ಆ ಗೆಳೆಯನಿಗೂ ಸಂಗತಿ ತಿಳಿದಿದ್ದರೆ ಅವನ ಜೇಬಿನಲ್ಲಿ ಒಂದು ಸಕ್ಕರೆಯ ಪೊಟ್ಟಣವಿರುತ್ತಿತ್ತು.