ಕೆರೆ ಏರಿ, ಹೊಳೆ ದಂಡೆ, ಬೆಟ್ಟದ ತಪ್ಪಲು: ಅಗರದ ಸುತ್ತಿನ ಸೈಕಲ್ ಹಾದಿಗಳು

ಚಾಮರಾಜನಗರ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳು ವಾಹನ ದಟ್ಟಣೆಯಿಲ್ಲದ ಸೈಕಲ್ ಸವಾರಿಗೆ ಹೇಳಿ ಮಾಡಿಸಿದ ಸೀಮೆ. ಪಶ್ಚಿಮದಲ್ಲಿ ಕೆರೆ, ನಾಲೆ, ಗದ್ದೆಗಳ ಬಯಲು. ಉತ್ತರದಲ್ಲಿ ಕಾವೇರಿಯ ದಂಡೆ. ದಕ್ಷಿಣದಲ್ಲಿ ಬಿಳಿಗಿರಿರಂಗನ ಬೆಟ್ಟ. ಪೂರ್ವದಲ್ಲಿ ಮಲೆ ಮಹದೇಶ್ವರನ ಬೆಟ್ಟಸಾಲು. ಇವನ್ನೆಲ್ಲ ಒಂದಕ್ಕೊಂದು ಹೊಲಿದಂತೆ ಹಳ್ಳಿ ರಸ್ತೆಗಳು ಹಬ್ಬಿವೆ. ಯಳಂದೂರು ತಾಲ್ಲೂಕಿನ ಅಗರ ಇವುಗಳ ನಡುವೆ ಇದೆ. ಮಾಂಬಳ್ಳಿಯೊಂದಿಗೆ ಸೇರಿ ಅಗರ-ಮಾಂಬಳ್ಳಿ ಎಂದೇ ಕರೆಸಿಕೊಳ್ಳುವ ಈ ಊರಿನಿಂದ ಕೆರೆಯ ಹಾದಿ, ಹೊಳೆಯ ಹಾದಿ, ಬೆಟ್ಟದ ಹಾದಿ ಮೂರನ್ನೂ ಹಿಡಿಯಬಹುದು.

ರಸ್ತೆಗಳು ಖಾಲಿ ಇರುವುದೇಕೆ?

ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಕೊಳ್ಳೇಗಾಲ, ಮಾಂಬಳ್ಳಿ, ಯಳಂದೂರು, ಸಂತೇಮರಹಳ್ಳಿ ಮಾರ್ಗವಾಗಿ ಚಾಮರಾಜನಗರ ಸೇರುತ್ತದೆ. ಹಿಂದೆ 209 ಆಗಿದ್ದ ಇದರ ಸಂಖ್ಯೆ ಈಗ 948. ಲಾರಿ, ಬಸ್ಸು, ಕಾರುಗಳಲ್ಲಿ ಬಹುಪಾಲು ಇದೇ ದಾರಿ ಹಿಡಿಯುತ್ತವೆ. ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಹದೇಶ್ವರ ಬೆಟ್ಟಕ್ಕೆ ಹೋಗುವ ಸುಮಾರು 80 ಕಿ.ಮೀ. ರಸ್ತೆ ಯಾತ್ರಿಕರ ಭಾರ ಹೊರುತ್ತದೆ. ಇಂಥ ದೊಡ್ಡ ರಸ್ತೆಗಳನ್ನು ಬಿಟ್ಟರೆ ಉಳಿದವು ಊರಿಂದೂರಿಗೆ ಹೋಗುವ ರಸ್ತೆಗಳು. ಹಾಲಿನ ವಾಹನ, ಟ್ರ್ಯಾಕ್ಟರ್, ಬೈಕು, ಎತ್ತಿನ ಗಾಡಿ, ಹೊತ್ತಿಗೊಂದು ಬಸ್ಸು ಬಿಟ್ಟರೆ ಅಲ್ಲಿ ಹೆಚ್ಚಿನ ಓಡಾಟವಿಲ್ಲ.

2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ಆನಂತರ ರಾಜ್ಯ ತಂದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳು ಇಂಥ ಹಳ್ಳಿ ರಸ್ತೆಗಳಿಗೆ ಡಾಂಬರು ಕಾಣಿಸಿದವು. ಸೈಕಲ್ ಇಲ್ಲಿನವರಿಗೆ ಹೊಸದೂ ಅಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಪಕ್ಕದೂರಿನ ಹೈಸ್ಕೂಲಿಗೆ ಮಕ್ಕಳು ತುಳಿದುಕೊಂಡು ಹೋದದ್ದು ಇಂಥ ರಸ್ತೆಗಳಲ್ಲೇ. ದೂರದಿಂದ ಬರುವ ಸವಾರನಿಗೂ ದಾರಿ ಅದೇ.

ಕೆರೆ ಬಯಲಿನ ಹಾದಿ

ಕಲಿಯುವವರಿಗೂ ಮಕ್ಕಳೊಂದಿಗೆ ಹೊರಡುವವರಿಗೂ ಅಗರ, ಮಾಂಬಳ್ಳಿ, ಯಳಂದೂರು, ಹೊನ್ನೂರು, ಕೆಸ್ತೂರುಗಳ ಸುತ್ತಿನ ಬಯಲು ಒಳ್ಳೆಯ ಆರಂಭ. ನೆಲ ಬಹುಮಟ್ಟಿಗೆ ಸಮತಟ್ಟು. ಬಿಳಿಗಿರಿಯ ಮಗ್ಗುಲಿನಿಂದ ಬರುವ ಸುವರ್ಣಾವತಿ ಚಾಮರಾಜನಗರ, ಯಳಂದೂರು ತಾಲ್ಲೂಕುಗಳನ್ನು ದಾಟಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೊನ್ನುಹೊಳೆ ಎಂದೂ ಕರೆಸಿಕೊಳ್ಳುವ ಈ ಹೊಳೆಯ ನೀರು ಮತ್ತು ಕಬಿನಿ ನಾಲೆಯ ನೀರು ಸೇರಿ ಈ ಬಯಲಿಗೆ ಭತ್ತ, ಕಬ್ಬು, ತೆಂಗು, ಹಿಪ್ಪುನೇರಳೆ ತಂದುಕೊಟ್ಟಿವೆ.

ಈ ಹಾದಿಯ ಸೊಗಸು ಕೆರೆ ಏರಿಯಲ್ಲಿದೆ. ಏರಿ ಕಟ್ಟಿದ್ದು ನೀರು ನಿಲ್ಲಿಸಲು. ಅದರ ನೆತ್ತಿಯೇ ಊರಿನ ರಸ್ತೆಯಾಯಿತು. ನೀರು ಮಟ್ಟವಾಗಿ ನಿಲ್ಲುವುದರಿಂದ ಏರಿಯ ನೆತ್ತಿಯೂ ಮಟ್ಟವಾಗಿರಲೇಬೇಕು. ಆದ್ದರಿಂದ ಅದರ ಮೇಲೆ ಸಾಗುವ ಸವಾರನಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ. ಒಂದು ಮಗ್ಗುಲಲ್ಲಿ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ನೀರು, ಇನ್ನೊಂದು ಮಗ್ಗುಲಲ್ಲಿ ಆಳದಲ್ಲಿ ಗದ್ದೆ. ನಡುವೆ ಎಲ್ಲೋ ತೂಬಿನ ಕಲ್ಲುಕಂಬಗಳು ನೀರಿನಿಂದ ಮೇಲೆದ್ದು ನಿಂತಿರುತ್ತವೆ. ಏರಿಯ ಕೊನೆಯಲ್ಲಿ ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇರುತ್ತದೆ. ಕೆರೆ ತುಂಬಿದ ವರ್ಷ ಕೋಡಿಯ ಕಲ್ಲುಹಾಸಿನ ಮೇಲೆ ನೀರು ತೆಳ್ಳಗೆ ಹರಿದು ಪಾಚಿ ಕಟ್ಟುತ್ತದೆ. ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ದಾಟುವುದೇ ಸರಿ.

ಯಳಂದೂರು ಪಟ್ಟಣದಲ್ಲಿ ಗೌರೀಶ್ವರ ದೇವಾಲಯದ ಬಳೆಮಂಟಪ ನೋಡದೆ ಮುಂದೆ ಹೋಗಬಾರದು. ಹದಿನಾಡು ಪಾಳೆಯಗಾರರ ಕಾಲದ ಈ ದೇಗುಲದ ಮುಂದಿನ ಮಂಟಪದ ಮೂಲೆಗಳಿಂದ ಒಂದರೊಳಗೊಂದು ಕೂಡಿಕೊಂಡ ಕಲ್ಲಿನ ಬಳೆಗಳ ಸರಪಳಿ ಇಳಿಬಿಟ್ಟಿದೆ. ಕಲ್ಲನ್ನೇ ಕೊರೆದು ಮಾಡಿದ ಕೆಲಸ ಅದು. ಇದೇ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತ್ತು. ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವೂ ಪಟ್ಟಣದಲ್ಲಿದೆ.

ತಪ್ಪಲಿನ ಹಾದಿ

ಯಳಂದೂರಿನಿಂದ ದಕ್ಷಿಣಕ್ಕೆ ಗುಂಬಳ್ಳಿಯ ಕಡೆ ತಿರುಗಿದರೆ ರಸ್ತೆ ಮೆಲ್ಲಗೆ ಏರತೊಡಗುತ್ತದೆ. ಎದುರಿಗೆ ಬಿಳಿಗಿರಿಯ ಗೋಡೆ. ತಪ್ಪಲಿನಲ್ಲಿ ಬೆಟ್ಟದ ನೀರನ್ನು ಹಿಡಿದಿಟ್ಟಿರುವ ಕೃಷ್ಣಯ್ಯನ ಕಟ್ಟೆ ಇದೆ. ಯರಗಂಬಳ್ಳಿ, ಗುಂಬಳ್ಳಿಗಳ ಸುತ್ತ ಬೆಟ್ಟದ ನೆರಳಲ್ಲೇ ಸಾಗುವ ಊರ ರಸ್ತೆಗಳಲ್ಲಿ ಅರ್ಧ ದಿನದ ಸವಾರಿ ಸೊಗಸಾಗಿ ಮುಗಿಯುತ್ತದೆ.

ಸೈಕಲ್ ಸವಾರರು ಅರಣ್ಯ ಇಲಾಖೆಯ ತನಿಖಾ ಠಾಣೆಯ ಈಚೆಗೇ ನಿಲ್ಲುವುದು ಲೇಸು. ಅದರಾಚೆಗಿನದು 1974ರಲ್ಲಿ ವನ್ಯಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾದ ಕಾಡು. ಸುಮಾರು 5,000 ಅಡಿ ಎತ್ತರದ ರಂಗನಾಥನ ದೇಗುಲಕ್ಕೆ ಏರುವ ಘಾಟಿ ಸವಾರರ ಕಣ್ಣಿಗೆ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ತಿರುವಿನಾಚೆ ಆನೆ ನಿಂತಿದ್ದರೆ ಏರುದಾರಿಯಲ್ಲಿ ನಿಧಾನವಾಗಿ ಬರುವ ಸೈಕಲ್‌ಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬೆಟ್ಟ ನೋಡಬೇಕೆನ್ನುವವರಿಗೆ ಬಸ್ಸಿದೆ. ಸೋಲಿಗರ ನೆಲೆಯಾದ, ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿರುವ ಆ ಬೆಟ್ಟಕ್ಕೆ ಬಿಡುವಾಗಿ ಒಂದು ದಿನ ಮೀಸಲಿಡುವುದೂ ಒಳ್ಳೆಯದು.

ಕಾವೇರಿ ದಂಡೆಯ ಹಾದಿ

ಕೊಳ್ಳೇಗಾಲದ ಉತ್ತರಕ್ಕೆ ಮುಳ್ಳೂರು, ಹರಳೆ, ದಾಸನಪುರ, ಯಡಕುರಿಯ, ಸತ್ತೇಗಾಲ ಕಾವೇರಿ ಸೀಮೆಯ ಊರುಗಳು. ಇವುಗಳ ನಡುವಿನ ರಸ್ತೆಗಳಲ್ಲಿ ಸಾಗಿ ಭರಚುಕ್ಕಿ ತಲುಪಬಹುದು. ಶಿವನಸಮುದ್ರದಲ್ಲಿ ಕಾವೇರಿ ಸೀಳಿ ಒಂದು ಕವಲು ಮಳವಳ್ಳಿ ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕೊಳ್ಳೇಗಾಲ ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಈ ಜಲಪಾತದ ಬಲದಿಂದ. ಹೊಳೆಗೆ ಅಡ್ಡಲಾಗಿ ಕಲ್ಲುಕಂಬಗಳ ಮೇಲೆ ನಿಂತ ಹಳೆಯ ವೆಸ್ಲಿ ಸೇತುವೆ ಹತ್ತೊಂಬತ್ತನೇ ಶತಮಾನದ ಮೊದಲರ್ಧದ್ದು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ, ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ, ಈ ದಂಡೆಯ ಊರುಗಳಿಗೇ ನೀರು ನುಗ್ಗುವುದುಂಟು. ಆಗ ಆ ರಸ್ತೆಗಳಿಗೆ ಇಳಿಯಬಾರದು. ಜಲಪಾತ ತುಂಬಿ ಹರಿಯುವ ದಿನಗಳ ಭಾನುವಾರ ಭರಚುಕ್ಕಿ ರಸ್ತೆಯಲ್ಲಿ ಕಾರುಗಳ ಸಾಲೇ ಇರುತ್ತದೆ. ವಾರದ ನಡುವೆ ಹೋದವರಿಗೆ ಮಾತ್ರ ಅದು ಶಾಂತ ಹಾದಿ.

ಹನೂರಿನ ಕಣಿವೆಗಳು

ಕಾಲಿಗೆ ಕಸುವಿರುವ ಸವಾರರಿಗೆ ಹನೂರು ಸೀಮೆ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಹನೂರು ಕೊಳ್ಳೇಗಾಲದಿಂದ ಸುಮಾರು 25 ಕಿ.ಮೀ. ನಡುವಿನ ಕಾಮಗೆರೆಯ ಬಳಿ ಬದಿಗೆ ಹೊರಳಿದರೆ ಗುಡ್ಡಗಳ ನಡುವೆ ಗುಂಡಾಲ್ ಜಲಾಶಯ. ಹನೂರಿನ ಸುತ್ತ ಹುಬ್ಬೆ ಹುಣಸೆ, ಉಡುತೊರೆ ಹಳ್ಳದ ಜಲಾಶಯಗಳಿವೆ. ಇಲ್ಲಿನ ನೆಲ ಬಯಲಿನಂತಲ್ಲ. ಹಳ್ಳಕ್ಕೆ ಇಳಿಯುವುದು, ದಿಣ್ಣೆ ಏರುವುದು, ಮತ್ತೆ ಇಳಿಯುವುದು.

ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯಕ್ಕೆ ಏರಿದರೆ ಗಾಳಿ ತಂಪಾಗುತ್ತದೆ. 1970ರ ದಶಕದಲ್ಲಿ ನೆಲೆಯಾದ ಟಿಬೆಟನ್ನರ ಊರುಗಳು, ಅವರ ಜೋಳದ ಹೊಲಗಳು, 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದ ಜೋಗ್ಚೆನ್ ಬೌದ್ಧವಿಹಾರ ಇಲ್ಲಿವೆ. ಸುತ್ತ ಕಾಡಿರುವುದರಿಂದ ಬೆಳಕು ಹರಿದ ಮೇಲೆ ಹೊರಟು, ಸಂಜೆಗೆ ಮೊದಲೇ ಊರು ಸೇರಬೇಕು. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಏರುವ ಘಾಟಿ ಕಠಿಣ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ಮತ್ತು ಅಮಾವಾಸ್ಯೆಗಳಲ್ಲಿ ಅದು ಮಹದೇಶ್ವರನ ಭಕ್ತರ ರಸ್ತೆ. ಸವಾರರು ಆ ದಿನ ಬೇರೆ ಹಾದಿ ಹಿಡಿಯುವುದೇ ಮರ್ಯಾದೆ.

ಕಾಲ ಮತ್ತು ಎಚ್ಚರ

ಮಳೆಯ ಬಿರುಸು ಇಳಿದ ನವೆಂಬರ್‌ನಿಂದ ಫೆಬ್ರವರಿವರೆಗೆ ಸವಾರಿಗೆ ಒಳ್ಳೆಯ ಕಾಲ. ಕೆರೆಯಲ್ಲಿ ನೀರು, ಬೆಳಿಗ್ಗೆ ಚಳಿ. ಇದೇ ಕಾಲ ಒಕ್ಕಣೆಯದೂ ಹೌದು. ಕಣಗಳು ಕಡಿಮೆಯಾಗಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡುತ್ತಾರೆ. ವಾಹನಗಳ ಚಕ್ರವೇ ಒಕ್ಕುವ ಗುಂಡುಕಲ್ಲು. ಎರಡು ಬದಿಗೂ ಗುರುತಿಗೆ ಕಲ್ಲು ಇಟ್ಟಿರುತ್ತಾರೆ. ಹುರುಳಿ ಸೊಪ್ಪಿನ ಮೇಲೆ ಚಕ್ರ ಜಾರುತ್ತದೆ. ಬಳ್ಳಿ ಚೈನಿಗೆ, ಹಿಂಚಕ್ರದ ಗೇರಿಗೆ ಸುತ್ತಿಕೊಂಡು ಸೈಕಲ್ ತಟ್ಟನೆ ನಿಲ್ಲುತ್ತದೆ. ಇಳಿದು ಬದಿಯಲ್ಲಿ ತಳ್ಳಿಕೊಂಡು ಹೋದರೆ ಸವಾರನಿಗೂ ಕ್ಷೇಮ, ರೈತನ ಕಾಳಿಗೂ ಕ್ಷೇಮ. ಕಬ್ಬು ಕಡಿಯುವ ದಿನಗಳಲ್ಲಿ ಕುಂತೂರು ಸಕ್ಕರೆ ಕಾರ್ಖಾನೆಯ ಆಸುಪಾಸು ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ಹೆಚ್ಚು. ನಾಲೆ ಏರಿಯ ಮಣ್ಣುದಾರಿಯಲ್ಲಿ ಜಾಲಿ ಮುಳ್ಳಿನ ಕಾಟವಿರುವುದರಿಂದ ತೀರ ತೆಳು ಟೈರಿಗಿಂತ 32 ಮಿ.ಮೀ. ಅಥವಾ ಅದಕ್ಕೂ ಅಗಲದ ಟೈರು, ಎರಡು ಟ್ಯೂಬು, ಒಂದು ಪಂಪು ಜೊತೆಗಿರಬೇಕು.

ಇನ್ನು ಬೇಕಿರುವುದು

ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯ 1995ರಲ್ಲಿ ಒಂದು ಸರಳ ಉಪಾಯ ಮಾಡಿತು. ವಾಹನ ಕಡಿಮೆಯಿರುವ ಹಾದಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು ಫಲಕ ನೆಟ್ಟಿತು. ಸವಾರ ಆ ಸಂಖ್ಯೆಗಳನ್ನು ಹಿಡಿದು ತನಗೆ ಬೇಕಾದಷ್ಟು ದೂರದ ಸುತ್ತನ್ನು ತಾನೇ ಕಟ್ಟಿಕೊಳ್ಳುತ್ತಾನೆ. ನೆದರ್ಲೆಂಡ್ಸ್ ಕೂಡ ಅದನ್ನೇ ಅನುಸರಿಸಿತು. ಈ ವ್ಯವಸ್ಥೆಯ ತಿರುಳು ಇರುವ ರಸ್ತೆಗೆ ಗುರುತು ಹಾಕುವುದು.

ಅಗರದ ಸುತ್ತ ರಸ್ತೆ ಇದೆ, ಏರಿ ಇದೆ, ಮರದ ನೆರಳಿದೆ, ಊರೂರಿಗೆ ಟೀ ಅಂಗಡಿ ಇದೆ. ಗುರುತು ಮಾತ್ರ ಇಲ್ಲ. ಮೂರು ತಾಲ್ಲೂಕುಗಳ ಪಂಚಾಯ್ತಿಗಳು ತಮ್ಮ ಕೂಡುರಸ್ತೆಗಳಲ್ಲಿ ಊರ ಹೆಸರು, ದೂರ, ಒಂದು ಸಂಖ್ಯೆ ಬರೆದ ಕಲ್ಲು ನೆಡಿಸಿ, ಏರಿಯ ಮೇಲಿನ ಜಾಲಿ ಸವರಿಸಲಿ. ಊರಿನ ಮಕ್ಕಳಿಗೆ ಶಾಲೆಯ ದಾರಿ ಸುಗಮವಾದರೆ ದೂರದ ಸವಾರನಿಗೂ ಅದೇ ಸಾಕು.